ಕಹಿ ಕೇಳಿದ ಸೀಟಕ್ಕ

ಸೀಟಕ್ಕನ ಮನೆಯ ಸುದ್ದಿ ಇಸ್ತ್ರಿಯಮ್ಮನ ಕಿವಿಗೆ ಮೊದಲು ಬಿದ್ದದ್ದು ಒಂದು ಸೋಮವಾರ ಬೆಳಿಗ್ಗೆ. ಸೋಮವಾರವೆಂದರೆ ಅವಳಿಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ. ಕೋರ್ಟಿನ ಹಿಂದಿನ ಗಲ್ಲಿಯಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಂಥ ಜಾಗದಲ್ಲಿ ಅವಳ ಮೇಜು. ಗಂಡ ಸಾಯುವಾಗ ಬಿಟ್ಟುಹೋದ ಆಸ್ತಿ ಎಂದರೆ ಆ ಮೇಜು, ಅದರ ಮೇಲಿನ ಸುಟ್ಟಕಲೆಯ ಕಂಬಳಿ, ಮತ್ತೆ ಕಪ್ಪು ಕೋಟಿನ ಗಿರಾಕಿಗಳು. ವಾರದ ಮೊದಲ ದಿನ ವಕೀಲರೆಲ್ಲ ಕೋಟಿಗಾಗಿ ಬಾಗಿಲಲ್ಲೇ ಮುತ್ತಿಕೊಳ್ಳುತ್ತಿದ್ದರು. ಅವರ ನಡುವೆ ತೂರಿಕೊಂಡು ಬಂದ ಜವಾನ, ಕೋರ್ಟಿನಲ್ಲಿ ಹೆಸರು ಕೂಗುವವನು, ತನ್ನ ಬಿಳಿ ಅಂಗಿಯನ್ನು ಮೇಜಿನ ಮೇಲೆ ಎಸೆದು ಹೇಳಿದ:

“ಕೇಳಿದ್ರಾ ಇಸ್ತ್ರಿಯಮ್ಮ? ಗ್ಯಾರೇಜು ಬೀದೀಲಿ ಒಂದು ಮಗು ಹೋಯ್ತಂತೆ. ಕಾರಿಗೆ ಹಾಕೋ ಹಸಿರು ನೀರು ಕುಡಿದುಬಿಟ್ಟಿತ್ತಂತೆ.”

“ಅಯ್ಯೋ, ಅದನ್ನ ಯಾರಾದ್ರೂ ಕುಡೀತಾರಾ? ಬಾಯಿಗಿಟ್ರೆ ಉಗಿಯೋಣ ಅನ್ಸಲ್ವಾ?”

“ಅಲ್ಲೇ ಇರೋದು ನೋಡಿ ಮಜಾ. ಸಿಹಿಯಂತೆ ಅದು.”

‘ಪಾಪ, ಯಾರ ಮನೆಯ ದೀಪವೋ’ ಎಂದಳು ಇಸ್ತ್ರಿಯಮ್ಮ. ಅಂಗಿಯ ಕಾಲರು ಮಗುಚಿದಳು. ಸುಳ್ಳು ಯಾಕೆ ಹೇಳಬೇಕು, ಮಧ್ಯಾಹ್ನದ ಹೊತ್ತಿಗೆ ಮರೆತೇಬಿಟ್ಟಳು. ಊರವರ ಮನೆಯ ಸಾವು ಬಿಸಿ ಇಸ್ತ್ರಿಯ ಮುಂದೆ ಎಷ್ಟು ಹೊತ್ತು ನಿಂತೀತು?

ಮರೆತದ್ದು ತಾನಾಗಿಯೇ ನಡೆದು ಬಂತು. ಕೆಲವು ವಾರ ಕಳೆದ ಮೇಲೆ, ಗಿರಾಕಿಗಳಿಲ್ಲದ ಹೊತ್ತು ನೋಡಿಕೊಂಡು ಒಬ್ಬ ಹೆಂಗಸು ಬಂದು ನಿಂತಳು. ಅಗಲ ಭುಜ, ಗಂಡಸಿನಂಥ ಅಂಗೈ, ಬೆರಳ ತುದಿಯಲ್ಲೆಲ್ಲ ಅಂಟು ಒಣಗಿ ಬಿಳಿಯಾಗಿತ್ತು. ಗ್ಯಾರೇಜು ಬೀದಿಯಲ್ಲಿ ಕಾರು, ವ್ಯಾನು, ಲಾರಿಗಳ ಸೀಟು ಹೊಲಿಯುವವಳು ಅವಳು. ಹರಿದ ರೆಕ್ಸಿನ್ನು ಕಿತ್ತು, ಕುಸಿದ ಫೋಮು ತೆಗೆದು, ಹೊಸದಕ್ಕೆ ಅಂಟು ಬಳಿದು, ಮೊಣಕಾಲಲ್ಲಿ ಒತ್ತಿ ಹಿಡಿದು ಡೊಂಕು ಸೂಜಿಯಲ್ಲಿ ಎಳೆದು ಹೊಲಿಯುವ ಕೆಲಸ. ಗಂಡಸರೇ ಮಾಡುವ ಕೆಲಸ ಅದು. ಅವಳ ಅಪ್ಪ ಮಾಡುತ್ತಿದ್ದ, ಅವನ ಕೈ ನಡುಗತೊಡಗಿದಾಗ ಅವಳು ಸೂಜಿ ಹಿಡಿದಳು. ಬೀದಿಗೆಲ್ಲ ಅವಳು ಸೀಟಕ್ಕ.

ಅವಳು ಬಂದವಳೇ ತಂತಿಯ ಮೇಲೆ ತೂಗುತ್ತಿದ್ದ ಕೋಟುಗಳನ್ನು ಒಂದೊಂದಾಗಿ ನೋಡಿ ಕೇಳಿದಳು:

“ಅಮ್ಮ, ಇಷ್ಟೊಂದು ಕೋಟು ಇದಾವಲ್ಲ, ಇದ್ರಲ್ಲಿ ಒಳ್ಳೆಯವರದ್ದು ಯಾವುದು?”

“ನನಗೆ ಕೋಟು ಗೊತ್ತು ತಾಯಿ, ಒಳಗಿರೋರು ಗೊತ್ತಿಲ್ಲ.”

“ಕೋಟು ನೋಡಿದ್ರೆ ಏನೂ ತಿಳಿಯೋದಿಲ್ವಾ? ನಾನು ಸೀಟು ನೋಡಿ ಕೂತವರ ಗುಣ ಹೇಳ್ತೀನಿ. ಒಂದೇ ಕಡೆ ಕುಸಿದಿದ್ರೆ ಹಿಂದಿನ ಜೇಬಲ್ಲಿ ದಪ್ಪ ಪರ್ಸು. ಮುಂದಿನ ಅಂಚು ಸವೆದಿದ್ರೆ ಹೆಂಡತಿಗೆ ಹೆದರೋನು. ಯಾವಾಗ ಕರೀತಾಳೋ ಅಂತ ತುದೀಲೇ ಕೂತಿರ್ತಾನೆ.”

ಇಸ್ತ್ರಿಯಮ್ಮನಿಗೆ ನಗು ತಡೆಯಲಿಲ್ಲ. ನಗುತ್ತಲೇ ಒಂದು ಕೋಟು ಇಳಿಸಿ ತೋರಿಸಿದಳು. ಮೂರು ಗುಂಡಿ ಕಪ್ಪು, ಒಂದು ಕಂದು.

“ಇದು ನೋಡು. ಗುಂಡಿ ನನ್ನ ಕೈಯಲ್ಲೇ ಕಿತ್ತುಹೋಯ್ತು. ಬೇರೆಯವರಾಗಿದ್ರೆ ನನ್ನ ಮರ್ಯಾದೆ ಹರಾಜು ಹಾಕ್ತಿದ್ರು. ಇವರು, ಯಾವುದೋ ಒಂದು ಹಾಕಿಬಿಡಿ ಅಮ್ಮ ಅಂದ್ರು. ಜಗಳಗಂಟರಲ್ಲ.”

“ನನಗೆ ಜಗಳಗಂಟರೇ ಬೇಕಿತ್ತಲ್ಲಮ್ಮ.”

“ಅಂಥವರ ಕೋಟು ದೊಡ್ಡ ಕಂಪನಿಗಳು ಆಗಲೇ ಕೊಂಡುಕೊಂಡಿವೆ ಕಣೇ.”

ಆಗ ಸೀಟಕ್ಕ ನೆಲದ ಮೇಲೆ ಕೂತಳು. ಗೋಡೆಗೆ ಬೆನ್ನು ಕೊಟ್ಟು ಹೇಳತೊಡಗಿದಳು. ಇಸ್ತ್ರಿಯಮ್ಮ ಅದನ್ನು ಇವತ್ತಿಗೂ ಆ ಗೋಡೆಯ ಸುಣ್ಣದ ವಾಸನೆಯ ಸಮೇತ ನೆನಪಿಟ್ಟುಕೊಂಡಿದ್ದಾಳೆ.

ಮಗು ಸೀಟಕ್ಕನ ತಮ್ಮನದು. ಹೆತ್ತವಳು ಮಗುವಿನ ಮುಖ ನೋಡಿ ಕಣ್ಣು ಮುಚ್ಚಿದವಳು. ಅಂದಿನಿಂದ ಸೀಟಕ್ಕನ ಹೊಲಿಗೆ ಯಂತ್ರದ ಕೆಳಗೆ ಫೋಮಿನ ಚೂರುಗಳ ನಡುವೆ ಬೆಳೆದ ಹುಡುಗಿ. ಹಿಡಿದರೆ ಕೈಯಿಂದ ಉರುಳಿ ಹೋಗುತ್ತಿದ್ದಳೆಂದು ಬಟಾಣಿ ಎಂದು ಕರೆಯುತ್ತಿದ್ದರು. ತಮ್ಮ ಎದುರಿನ ಗ್ಯಾರೇಜಿನಲ್ಲಿ ರೇಡಿಯೇಟರು ರಿಪೇರಿ ಮಾಡುವವನು. ಎಂಜಿನ್ನು ಕಾಯದಂತೆ ರೇಡಿಯೇಟರಿಗೆ ಹಾಕುವ ಹಸಿರು ನೀರಿಗೆ ಅಲ್ಲಿಯವರು ಕೂಲೆಂಟು ಎನ್ನುತ್ತಾರೆ. ಗ್ಯಾರೇಜಿಗೆ ಅದು ದೊಡ್ಡ ಡ್ರಮ್ಮಿನಲ್ಲಿ ಬರುತ್ತದೆ. ಡ್ರಮ್ಮನ್ನೇ ಎತ್ತಿ ಸುರಿಯಲು ಆದೀತೇ? ಅದಕ್ಕೆ ಬೀದಿಯ ರೂಢಿ ಏನೆಂದರೆ, ಹಣ್ಣಿನ ರಸದ ಖಾಲಿ ಬಾಟಲಿಗೆ ತುಂಬಿಕೊಂಡು ರೇಡಿಯೇಟರಿಗೆ ಮಗುಚುವುದು. ಆ ಬಾಟಲಿಯ ಕತ್ತು ರೇಡಿಯೇಟರಿನ ಬಾಯಿಗೆ ಅಳತೆ ತೆಗೆದು ಮಾಡಿಸಿದಂತೆ ಕೂರುತ್ತದೆ, ಒಂದು ಹನಿ ಚೆಲ್ಲುವುದಿಲ್ಲ. ಅಪ್ಪಂದಿರ ಕಾಲದಿಂದ ನಡೆದುಬಂದದ್ದು, ಯಾರೂ ಅದರ ಬಗ್ಗೆ ಯೋಚನೆ ಮಾಡಿದವರಲ್ಲ.

ಅದು ನಡೆದ ಹಿಂದಿನ ದಿನ ಸೀಟಕ್ಕನ ತಮ್ಮ ತನ್ನ ಮಗಳಿಗೆ ಗಿಣಿ ಚಿತ್ರದ ಬಾಟಲಿಯ ರಸ ಕೊಡಿಸಿದ್ದ. ಅವಳು ಕುಡಿದು ಮುಗಿಸಿ, ಇನ್ನೂ ಬೇಕು ಎಂದು ಅತ್ತಿದ್ದಳು. ಬೆಳಿಗ್ಗೆ ಅವನು ಆ ಬಾಟಲಿಯನ್ನೇ ತೊಳೆದು ಕೂಲೆಂಟು ತುಂಬಿ ಬೆಂಚಿನ ಕೆಳಗಿಟ್ಟ. ಅದು ಬಟಾಣಿಯ ಕಣ್ಣಿಗೆ ಬಿತ್ತು. ತನ್ನ ಬಾಟಲಿ, ತನ್ನ ಗಿಣಿ, ಮತ್ತೆ ತುಂಬಿದೆ.

“ಕುಡಿದು ಬಂದವಳು ತೂರಾಡ್ತಾ ನಗ್ತಿದ್ಲು ಅಮ್ಮ. ನಾವೂ ನಕ್ವಿ. ಯಾರ್ರೋ ಇವಳಿಗೆ ಹೆಂಡ ಕುಡಿಸಿದೋರು ಅಂತ ಮೆಕ್ಯಾನಿಕ್ಕುಗಳೆಲ್ಲ ಚಪ್ಪಾಳೆ ತಟ್ಟಿದ್ರು. ಕುಡುಕರ ನಾಟಕ ಆಡ್ತಿದಾಳೆ ಅಂದ್ಕೊಂಡೆ ನಾನು. ಹೊಟ್ಟೆ ಹಿಡ್ಕೊಂಡು ನಕ್ಕೆ.”

ಸಂಜೆ ವಾಂತಿಯಾಯಿತು. ಬೀದಿ ಬದಿಯ ಡಾಕ್ಟರು ಹೊಟ್ಟೆ ಕೆಟ್ಟಿದೆಯೆಂದು ಔಷಧಿ ಕೊಟ್ಟರು. ಮರುದಿನ ಮಗುವಿಗೆ ಮೂತ್ರವೇ ಬರಲಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ, ಏನು ಕುಡಿದಿದ್ದಾಳೆ ಎಂದು ಕೇಳಿದಾಗ ತಮ್ಮ ಗ್ಯಾರೇಜಿಗೆ ಓಡಿಬಂದು ಬೆಂಚಿನ ಕೆಳಗೆ ಬಗ್ಗಿ ನೋಡಿದ. ಬಾಟಲಿ ಅರ್ಧವಾಗಿತ್ತು. ಮೊದಲ ದಿನವೇ ತಿಳಿದಿದ್ದರೆ ಮದ್ದಿತ್ತು ಎಂದರಂತೆ ಅಲ್ಲಿಯವರು.

ಇಸ್ತ್ರಿಯಮ್ಮ, “ಪರಿಹಾರ ಕೇಳ್ತೀಯಾ?” ಎಂದಳು.

“ಪರಿಹಾರ ತಗೊಂಡು ಏನು ಮಾಡ್ಲಿ, ಅದನ್ನ ತೊಟ್ಟಿಲಲ್ಲಿ ಹಾಕಿ ತೂಗ್ಲಾ? ನನಗೆ ಬೇಕಿರೋದು ಕಹಿ. ಹಾಲು ಬಿಡಿಸೋವಾಗ ತಾಯಂದಿರು ಎದೆಗೆ ಕಹಿ ಹಚ್ಕೊಳ್ಳಲ್ವಾ? ಬೆರಳು ಚೀಪೋ ಮಕ್ಕಳ ಬೆರಳಿಗೆ ಹಚ್ಚಲ್ವಾ? ಯಾವ ಶಾಲೆಗೂ ಹೋಗದ ಹೆಂಗಸಿಗೆ ಇರೋ ಬುದ್ಧಿ ಈ ನೀರು ಮಾಡೋ ಇಷ್ಟು ದೊಡ್ಡ ಕಂಪನಿಗಿಲ್ವಾ? ನಾಲಿಗೆಗೆ ತಾಗಿದ್ರೆ ಥೂ ಅನ್ನೋಷ್ಟು ಕಹಿ ಹಾಕಲಿ. ಅಷ್ಟೇ.”

ಅಂಥ ಕಹಿ ಇದೆಯೆಂದು, ಡ್ರಮ್ಮಿಗೆ ಚಿಟಿಕೆಯಷ್ಟು ಹಾಕಿದರೆ ಸಾಕೆಂದು, ಎಂಜಿನ್ನಿಗೂ ಏನೂ ಆಗದೆಂದು ದೊಡ್ಡ ಆಸ್ಪತ್ರೆಯ ಡಾಕ್ಟರೇ ಅವಳಿಗೆ ಹೇಳಿದ್ದರು. ಆ ಮಾತನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಮುಳುಗುವವರು ಹುಲ್ಲುಕಡ್ಡಿ ಹಿಡಿದಂತೆ.

ಕಂದು ಗುಂಡಿಯ ವಕೀಲರು ಕೇಸು ಹಿಡಿದರು. ಫೀಸಿನ ಬದಲು ಸೀಟಕ್ಕ ಅವರ ಹಳೆಯ ಕಾರಿನ ಸೀಟುಗಳನ್ನೆಲ್ಲ ಹೊಸದು ಮಾಡಿಕೊಟ್ಟಳು. “ನನ್ನ ಕಾರು ಗುಜರಿಗೆ ಹೋದ್ರೂ ಸೀಟು ಉಳ್ಕೊಳ್ಳುತ್ತೆ” ಎಂದು ಅವರು ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಗ್ರಾಹಕರ ಕೋರ್ಟು ಎಂಬುದೊಂದಿದೆ, ಅಲ್ಲಿ ಬಡವರ ಮಾತೂ ನಡೆಯುತ್ತದೆ ಎಂದು ಇಸ್ತ್ರಿಯಮ್ಮನಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಅದು ಅವಳ ಮೇಜಿನಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರವಿತ್ತು. ಮೊದಲ ವಾಯಿದೆಯ ದಿನ ಅವಳು ಮೇಜಿಗೆ ಬಟ್ಟೆ ಹೊದಿಸಿ ಹಿಂದಿನ ಸಾಲಿನ ಬೆಂಚಿನಲ್ಲಿ ಹೋಗಿ ಕೂತಳು.

ಕಂಪನಿಯ ವಕೀಲರು ಎದ್ದು ನಿಂತರು. ಅವರದು ಒಳಗೆ ರೇಷ್ಮೆ ಅಸ್ತರು ಹೊಲಿದ ಕೋಟು. ಆ ಕೋಟನ್ನು ಬೆಳಿಗ್ಗೆ ತಾನೇ, ತೋಳಿನ ಗೆರೆ ಕತ್ತಿಯ ಅಲಗಿನಂತೆ ನಿಲ್ಲುವ ಹಾಗೆ, ಇಸ್ತ್ರಿ ಮಾಡಿ ಕಳಿಸಿದ್ದಳು.

ಅವರು ದನಿ ಏರಿಸಲಿಲ್ಲ. ಡ್ರಮ್ಮು ಕೊಂಡವನು ಗ್ಯಾರೇಜಿನ ಯಜಮಾನ, ಅದೂ ವ್ಯಾಪಾರಕ್ಕೆ. ಕಾನೂನಿನ ಪ್ರಕಾರ ಮಗು ಗ್ರಾಹಕಳಲ್ಲ, ಅತ್ತೆಯಂತೂ ಅಲ್ಲವೇ ಅಲ್ಲ ಎಂದರು. ಕಂದು ಗುಂಡಿಯವರು ಎದ್ದು, “ಕೊಂಡವರು ಮಾತ್ರ ಸಾಯೋದಾದ್ರೆ ಆ ಮಾತು ಒಪ್ಪಬಹುದಿತ್ತು” ಎಂದರು. ನ್ಯಾಯಪೀಠದಲ್ಲಿದ್ದ ಅಧ್ಯಕ್ಷೆ ಕೇಸು ನಡೆಯಲಿ ಎಂದರು. ಸೀಟಕ್ಕ ಹಿಂದೆ ತಿರುಗಿ ಇಸ್ತ್ರಿಯಮ್ಮನ ಕಡೆ ನೋಡಿ ಕಣ್ಣರಳಿಸಿದಳು.

ಆಮೇಲೆ ರೇಷ್ಮೆ ಅಸ್ತರಿನವರು ಹೇಳಿದರು, “ಸಿಹಿ ನಾವು ಹಾಕಿದ್ದಲ್ಲ, ಅದು ಆ ವಸ್ತುವಿನ ಹುಟ್ಟುಗುಣ. ಡ್ರಮ್ಮಿನ ಮೇಲೆ ವಿಷ ಅಂತ ದೊಡ್ಡದಾಗಿ ಬರೆದಿದ್ದೇವೆ. ಬಾಟಲಿಯ ಮೇಲೆ ಗಿಣಿ ಇದ್ದರೆ ಅದಕ್ಕೆ ನಾವೇನು ಮಾಡೋಣ? ಬಾಟಲಿಗೆ ಸುರಿದವರು ಯಾರು?”

ಸೀಟಕ್ಕನ ಪಕ್ಕದಲ್ಲಿದ್ದ ತಮ್ಮ ಎದ್ದು ನಿಂತ. ಅವನನ್ನು ಯಾರೂ ಕರೆದಿರಲಿಲ್ಲ.

“ನಾನು ಸಾರ್. ನಾನೇ ಸುರಿದೆ. ಬಾಟಲಿ ಅವಳದ್ದು.”

ಟೈಪು ಮಾಡುವವಳು ತಲೆಯೆತ್ತಿ ಅವನನ್ನು ನೋಡಿ, ಮತ್ತೆ ತಲೆ ತಗ್ಗಿಸಿ ಟೈಪು ಮಾಡಿದಳು.

ಹೊರಗೆ ಬಂದ ಮೇಲೆ ಸೀಟಕ್ಕ ಮೆಟ್ಟಿಲ ಮೇಲೆ ಕೂತು, “ಸುರಿದ ಅಂತ ಬರ್ಕೊಳ್ಳಲಿ, ನಾನು ಬೇಡ ಅಂದ್ನಾ? ಹುಟ್ಟುಗುಣ ಅಂತ ಗೊತ್ತಿದ್ದೂ ಇವರು ಹಾಗೇ ಬಿಟ್ರಲ್ಲ, ಅದನ್ನ ಯಾರು ಬರ್ಕೊಳ್ತಾರೆ?” ಎಂದಳು. ತಮ್ಮ ಅವಳಿಗಾಗಿ ಕಾಯಲಿಲ್ಲ. ಬೀದಿ ದಾಟಿ ಹೋದ.

ಅಂದಿನಿಂದ ಅವನು ಹಸಿರು ನೀರು ಮುಟ್ಟಲಿಲ್ಲ. ಕೂಲೆಂಟು ಮುಟ್ಟದ ರೇಡಿಯೇಟರು ಮೆಕ್ಯಾನಿಕ್ಕು ಎಂದರೆ ಈಜಲೊಲ್ಲದ ಮೀನು. ಯಜಮಾನ ಒಳ್ಳೆಯವನು, ಕಾರು ತೊಳೆಯುವ ಕೆಲಸಕ್ಕೆ ಹಾಕಿದ. ಇಡೀ ದಿನ ಪೈಪು ಹಿಡಿದು ನಿಂತಿರುತ್ತಿದ್ದ. ತೊಳೆದ ಕಾರನ್ನೇ ಮತ್ತೆ ತೊಳೆಯುತ್ತಿದ್ದ.

ಕೋರ್ಟು ತಿಂಗಳಿಗೊಮ್ಮೆ ಕರೆಯುವುದು, ಮುಂದಕ್ಕೆ ಹಾಕುವುದು. ಒಮ್ಮೆ ಅಧ್ಯಕ್ಷೆ ರಜೆ, ಒಮ್ಮೆ ಕಂಪನಿಯವರಿಗೆ ಸಮಯ ಬೇಕು, ಒಮ್ಮೆ ಕರೆಂಟಿಲ್ಲ. ಸೀಟಕ್ಕ ಕೈಕಟ್ಟಿ ಕೂರುವವಳಲ್ಲ. ಗ್ಯಾರೇಜು ಬೀದಿಯ ಬಾಟಲಿಗಳನ್ನಾದರೂ ನಿಲ್ಲಿಸುತ್ತೇನೆಂದು ಹೊರಟಳು. ಪ್ರತಿ ಗ್ಯಾರೇಜಿಗೂ ಮೂತಿ ಇರುವ ತಗಡಿನ ಡಬ್ಬಿ ತಾನೇ ಮಾಡಿಸಿ ಕೊಟ್ಟಳು. ಅವಳು ಬೀದಿಯ ತುದಿಯಲ್ಲಿ ಕಾಣಿಸಿದರೆ ಸಾಕು, “ಅಕ್ಕ ಬಂದ್ಲು, ಬಾಟ್ಲಿ ಬಚ್ಚಿಡ್ರೋ!” ಎಂದು ಕೂಗು ಏಳುತ್ತಿತ್ತು.

“ಅಕ್ಕ, ನಿನ್ನ ಡಬ್ಬಿ ಸೋರುತ್ತೆ.”

“ಸೋರಲಿ. ನಿನ್ನ ಮೂಗೂ ಸೋರುತ್ತೆ, ಕಿತ್ತು ಬಿಸಾಕಿದೀಯಾ?”

ನಗುತ್ತಿದ್ದರು, ಅವಳೆದುರು ಬಾಟಲಿ ಒಡೆಯುತ್ತಿದ್ದರು. ಒಂದು ವಾರ ಕಳೆದು ನೋಡಿದರೆ ತಗಡಿನ ಡಬ್ಬಿಯಲ್ಲಿ ಹಳೆಯ ಬೋಲ್ಟು ನಟ್ಟು, ಬೆಂಚಿನ ಕೆಳಗೆ ಮತ್ತೆ ಗಿಣಿ. ಅವರು ಕೆಟ್ಟವರಲ್ಲ. ಬಟಾಣಿಯನ್ನು ಹೆಗಲ ಮೇಲೆ ಹೊತ್ತು ತಿರುಗಿದವರೇ. ಆದರೆ ಕೈಗೆ ಹತ್ತಿದ ರೂಢಿ, ಬಾಟಲಿಯ ಕತ್ತಿನ ಅಳತೆ, ಗಿರಾಕಿಯ ಅವಸರ. ಸೀಟಕ್ಕ ಒಬ್ಬಳೇ ಎಷ್ಟು ಬೆಂಚಿನ ಕೆಳಗೆ ಬಗ್ಗಿಯಾಳು? “ಅದಕ್ಕೇ ಅಮ್ಮ ನಾನು ಹೇಳೋದು” ಎನ್ನುತ್ತಿದ್ದಳು ಬಂದು ಕೂತು. “ಮನುಷ್ಯರನ್ನ ತಿದ್ದೋಕಾಗಲ್ಲ, ನೀರನ್ನೇ ತಿದ್ದಬೇಕು.”

ಇಸ್ತ್ರಿಯಮ್ಮನ ಕಷ್ಟ ಬೇರೆಯದು. ಎರಡೂ ಕಡೆಯ ಕೋಟು ಒಂದೇ ತಂತಿಯ ಮೇಲೆ ತೂಗುತ್ತಿದ್ದವು. ರೇಷ್ಮೆ ಅಸ್ತರಿನದು ಕೈಗೆ ಬಂದಾಗ ಇಸ್ತ್ರಿ ಸ್ವಲ್ಪ ಹೊತ್ತು ಹೆಚ್ಚಿಗೆ ಇಟ್ಟುಬಿಡಲೇ ಎನ್ನಿಸುತ್ತಿತ್ತು. ಇಡಲಿಲ್ಲ. ಒಂದು ಕೋಟು ಸುಟ್ಟರೆ ಅವರಿಗೆ ಇನ್ನೊಂದಿದೆ, ಅವಳಿಗೆ ಇನ್ನೊಂದು ಮೇಜಿಲ್ಲ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು:

“ಸಾರ್, ತಪ್ಪು ತಿಳೀಬೇಡಿ. ಆ ಕಹಿ ಹಾಕಿಬಿಟ್ರೆ ಕಂಪನಿಗೆ ಏನಾಗುತ್ತೆ?”

ಅವರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. “ಏನೂ ಆಗಲ್ಲ ಅಮ್ಮ. ಆದರೆ ಇವತ್ತು ಹಾಕಿದ್ರೆ ನಿನ್ನೆ ಯಾಕೆ ಹಾಕ್ಲಿಲ್ಲ ಅಂತ ಕೇಳ್ತಾರೆ. ಅದಕ್ಕೆ ಹೆದರ್ತಾರೆ. ನನ್ನ ಮನೇಲೂ ಒಂದು ಮೊಮ್ಮಗು ಇದೆ. ಕಾರಿನ ಸಾಮಾನೆಲ್ಲ ಬೀಗ ಹಾಕಿ ಇಡಿಸಿದೀನಿ.” ಕೋಟು ಹಾಕಿಕೊಂಡು, ತೋಳು ಸರಿಮಾಡಿಕೊಂಡು ಹೋದರು.

ಬೈದಿದ್ದರೆ ವಾಸಿಯಿತ್ತು. ಬೈದವರನ್ನು ವಾಪಸು ಬೈಯಬಹುದು.

ಈ ನಡುವೆ ಸೀಟಕ್ಕನಿಗೆ ಕೆಮ್ಮು ಹತ್ತಿತು. ಕಿಟಕಿಯಿಲ್ಲದ ಕೋಣೆಯಲ್ಲಿ ವರ್ಷಾನುಗಟ್ಟಲೆ ಅಂಟಿನ ಗಾಳಿ, ಫೋಮಿನ ಧೂಳು ಕುಡಿದ ಎದೆ. ಮಾತಿನ ನಡುವೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. “ನಾನೂ ಏನೋ ಒಂದು ಕುಡಿದೆ ನೋಡಿ, ನನ್ನದಕ್ಕೆ ಸಿಹೀನೂ ಇರ್ಲಿಲ್ಲ” ಎಂದು ತಮಾಷೆ ಮಾಡುತ್ತಿದ್ದಳು.

ಅಂಥ ಒಂದು ದಿನ ಕಂದು ಗುಂಡಿಯವರು ಕೋಟು ತೊಡುವುದನ್ನೂ ಬಿಟ್ಟು ಓಡಿಬಂದರು. ಸರಕಾರ ಹೊಸ ನಿಯಮ ತಂದಿದೆ, ಕೂಲೆಂಟಿಗೆ ಕಹಿ ಬೆರೆಸಲೇಬೇಕು ಎಂದಾಗಿದೆ! ಬೇರೆ ಬೇರೆ ಊರುಗಳಿಂದ ಹೋದ ಅರ್ಜಿಗಳ ಜೊತೆ, ಈ ವಕೀಲರು ಬರೆದು ಕಳಿಸಿದ್ದ ಸೀಟಕ್ಕನದೂ ಸೇರಿತ್ತು. ಇಸ್ತ್ರಿಯಮ್ಮ ತಾನೇ ಓಡಿಹೋಗಿ ಅವಳನ್ನು ಕರೆತಂದಳು. ಬರುವ ದಾರಿಯಲ್ಲೆಲ್ಲ ಸೀಟಕ್ಕ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು.

ಅಷ್ಟರಲ್ಲಿ ವಕೀಲರು ನಿಯಮವನ್ನು ಪೂರ್ತಿ ಓದಿದ್ದರು. ಅವರ ಮುಖ ನೋಡಿದರೇ ತಿಳಿಯುತ್ತಿತ್ತು.

“ಅಂಗಡೀಲಿ ಮಾರೋ ಚಿಕ್ಕ ಡಬ್ಬಿಗಳಿಗೆ ಕಹಿ ಕಡ್ಡಾಯ” ಎಂದರು. “ಗ್ಯಾರೇಜುಗಳಿಗೆ ಹೋಗೋ ಡ್ರಮ್ಮಿಗೆ ಇಲ್ಲ. ಅಲ್ಲಿರೋರು ಕಸುಬು ಬಲ್ಲವರು, ಅವರಿಗೆ ವಿಷ ಯಾವುದು ಅಂತ ಗೊತ್ತಿರುತ್ತೆ ಅಂತ ಬಿಟ್ಟಿದ್ದಾರೆ.”

ಸೀಟಕ್ಕ ಅವರ ಬಾಯನ್ನೇ ನೋಡಿದಳು, ಇನ್ನೂ ಏನೋ ಹೇಳುತ್ತಾರೆ ಎಂಬಂತೆ. ಆಮೇಲೆ, “ಬಟಾಣಿ ಕುಡಿದದ್ದು ಡ್ರಮ್ಮಿಂದು ಸಾರ್” ಎಂದಳು.

“ಗೊತ್ತು ಅಕ್ಕ. ಅದಕ್ಕೇ ನಮ್ಮ ಕೇಸು ಇನ್ನೂ ಜೀವ ಇಟ್ಕೊಂಡಿರೋದು. ಡ್ರಮ್ಮಿಗೂ ಹಾಕಿ ಅಂತ ಕೋರ್ಟು ಹೇಳಬಹುದು. ಆದರೆ ಈಗ ಅವರು ನಿಮ್ಮ ತಮ್ಮನನ್ನೇ ಕಟಕಟೆಗೆ ಕರೀತಾರೆ. ಕಸುಬು ಬಲ್ಲವನು ಗೊತ್ತಿದ್ದೂ ಸುರಿದ ಅಂತ ತೋರಿಸಿದ್ರೆ ಅವರು ಗೆದ್ದ ಹಾಗೆ.”

ತಮ್ಮನಿಗೆ ಅದನ್ನು ಹೇಳುವಾಗ ಇಸ್ತ್ರಿಯಮ್ಮನೂ ಜೊತೆಗಿದ್ದಳು. ಅವನು ಪೈಪಿನ ನೀರು ನಿಲ್ಲಿಸಲಿಲ್ಲ.

“ಬರ್ತೀನಿ ಅಕ್ಕ, ಬರಲ್ಲ ಅಂದ್ನಾ? ಆದರೆ ಒಂದು ಮಾತು. ನೀನು ಕೇಸು ನಡೆಸಿದಷ್ಟು ಸಲ ನಾನು ಬಾಟ್ಲಿ ತುಂಬಿದ ಹಾಗಾಗುತ್ತೆ. ಪ್ರತಿ ಸಲ ಎದ್ದು ನಿಂತಾಗ್ಲೂ ನನ್ನ ಕೈ ಡ್ರಮ್ಮಿನ ನಲ್ಲಿ ಮೇಲೆ ಇರುತ್ತೆ.”

ಸೀಟಕ್ಕ ಪೈಪಿನ ನೀರು ದಾಟಿಕೊಂಡು ಹೊರಟಳು. ದಾರಿಯಲ್ಲಿ ಇಸ್ತ್ರಿಯಮ್ಮ, “ಬಿಟ್ಟುಬಿಡೇ, ಹೋದವಳು ಬರಲ್ಲ. ಇರೋನನ್ನ ಉಳಿಸ್ಕೋ” ಎಂದಳು.

“ಆ ಬೀದೀಲಿ ಇನ್ನೂ ಎಷ್ಟು ಮಕ್ಕಳು ಬೆಂಚಿನ ಕೆಳಗೆ ಆಡ್ತಿದಾರೆ ಗೊತ್ತಾ ಅಮ್ಮ? ನಾನು ಬಿಟ್ರೆ ಅವರನ್ನ ಬಿಟ್ಟ ಹಾಗೆ. ಹಿಡಿದ್ರೆ ಇವನನ್ನ ಕೊಂದ ಹಾಗೆ. ನೀವೇ ಹೇಳಿ, ಯಾವುದು ಮಾಡ್ಲಿ?”

ಅತ್ತ ದರಿ ಇತ್ತ ಪುಲಿ. ಮನೆ ಮುಟ್ಟುವಷ್ಟರಲ್ಲಿ ಸೀಟಕ್ಕ ಎರಡು ಕಡೆ ನಿಂತು ಗೋಡೆ ಹಿಡಿದುಕೊಂಡಳು.

ವಾಯಿದೆ ಹತ್ತಿರ ಬಂದಾಗ ಅವಳು ಆಸ್ಪತ್ರೆ ಸೇರಿದ್ದಳು. ಬಟಾಣಿಯನ್ನು ಒಯ್ದ ಆಸ್ಪತ್ರೆಯೇ. ಇಸ್ತ್ರಿಯಮ್ಮ ಮಧ್ಯಾಹ್ನ ನೋಡಲು ಹೋದಾಗ ಮೂಗಿಗೆ ನಳಿಗೆ ಸಿಕ್ಕಿಸಿದ್ದರು. ಅಗಲ ಭುಜಗಳು ಅಂಗಿಯೊಳಗೆ ಎಲ್ಲಿಗೋ ಇಳಿದುಹೋಗಿದ್ದವು. ಮಂಚದ ಹಾಸಿಗೆಯನ್ನು ಒತ್ತಿ ನೋಡಿ, “ಫೋಮು ಕಳಪೆ” ಎಂದಳು. ನಗಲು ಹೋಗಿ ಕೆಮ್ಮಿದಳು.

ತಮ್ಮ ಹೊರಗೆ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಿದ್ದ. ಸೀಟಕ್ಕ ಅತ್ತ ನೋಡಿ ದನಿ ತಗ್ಗಿಸಿದಳು.

“ನಾಳೆ ವಾಯಿದೆ ಅಮ್ಮ. ನಮ್ಮ ಕಡೆಯಿಂದ ನೀವು ಮಾತಾಡ್ಬೇಕು. ವಕೀಲರಿಗೆ ಹೇಳಿದೀನಿ, ಒಬ್ಬರು ಬರ್ತಾರೆ ಅಂತ.”

“ನಾನಾ? ಅಕ್ಷರ ಕೂಡಿಸಿ ಕೂಡಿಸಿ ಓದೋಳು ನಾನು, ಕೋರ್ಟಲ್ಲಿ ಏನು ಮಾತಾಡ್ಲಿ?”

“ಓದೋದೇನೂ ಇಲ್ಲ. ಬಾಟ್ಲಿಗೆ ಸುರಿದವರು ಯಾರು ಅಂತ ಕೇಳ್ತಾರೆ. ಇವನು ಏಳೋಕೆ ಮೊದಲು ನೀವು ಎದ್ದುಬಿಡಿ. ಸುರಿದದ್ದು ಸೀಟಕ್ಕ ಅಂತ ಹೇಳಿ.”

“ಸುಳ್ಳಲ್ವೇನೇ ಅದು? ಇವನು ಹೇಳಿದ್ದು ಆಗಲೇ ಟೈಪಾಗಿ ಕೂತಿದೆ. ಯಾರು ನಂಬ್ತಾರೆ?”

ಸೀಟಕ್ಕ ಅವಳ ಮಣಿಕಟ್ಟು ಹಿಡಿದಳು. ಅಂಟು ಒಣಗಿದ ಆ ಬೆರಳುಗಳಲ್ಲಿ ಹಿಡಿತ ಇನ್ನೂ ಹೋಗಿರಲಿಲ್ಲ. ಒಂದೊಂದು ಮಾತಿಗೂ ಉಸಿರು ಹುಡುಕಿಕೊಂಡು ಹೇಳಿದಳು:

“ಕೋರ್ಟು ನಂಬೋದು ಬೇಡ ಅಮ್ಮ. ಇವನ ಕಿವಿಗೆ ಬೀಳಲಿ. ಬೇರೆ ಯಾರೋ ಸುರಿದ್ರು ಅನ್ನೋ ಮಾತು, ಎಲ್ಲರ ಮುಂದೆ, ಜೋರಾಗಿ, ಒಂದೇ ಒಂದು ಸಲ ಇವನು ಕೇಳಿಸ್ಕೊಳ್ಳಲಿ. ಹೇಳ್ತೀರಾ?”